ಎರಡು ಹಾಲ್‌ಟಿಕೆಟ್, ಒಂದು ಸೂತಕ

ಮೊನ್ನೆ ಬೆಳಗ್ಗೆ ಪಕ್ಕದ ಮನೆಯ ಅಡುಗೆಮನೆಯಿಂದ ಸಂಡಿಗೆ ಹಿಟ್ಟು ಗೊಟಾಯಿಸುವ ವಾಸನೆ ಬಂತು. ಕುದಿಯುವ ಅಕ್ಕಿ ಹಿಟ್ಟಿನ ಹಬೆ, ಅದರೊಳಗೆ ಜೀರಿಗೆ, ಅರೆದ ಹಸಿಮೆಣಸಿನಕಾಯಿ, ಒಂದು ಚಿಟಿಕೆ ಇಂಗು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಈಗ ಮನೆಯಲ್ಲಿ ಸಂಡಿಗೆ ಹಾಕುವವರು ಕಡಿಮೆ. ಅಂಗಡಿಗೆ ಹೋದರೆ ಪ್ಯಾಕೆಟ್ ಸಿಗುತ್ತದೆ, ಬಿಸಿಲು ಕಾಯುವ, ಕಾಗೆ ಓಡಿಸುವ ತಾಪತ್ರಯ ಯಾರಿಗೆ ಬೇಕು. ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದ ನಾನು ಆ ವಾಸನೆಗೆ ಹಾಗೇ ನಿಂತುಬಿಟ್ಟೆ, ಕಾಫಿ ಆರಿಹೋಯಿತು. ಬೇರೆಯವರಿಗೆ ಈ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ, ಅಜ್ಜಿಯೋ ಅವ್ವನೋ ನೆನಪಾಗಿ ಕಣ್ಣು ತುಂಬುತ್ತದೆ. ನನಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷದ ಮೇಲಾಯಿತು, ಇನ್ನೂ ಬರುತ್ತದೆ.

ಅವತ್ತು ಆ ಸಿಟ್ಟಿಗೆ ತುಪ್ಪ ಸುರಿದ ಹಾಗೆ ಇನ್ನೊಂದು ಸಂಗತಿಯೂ ಸೇರಿಕೊಂಡಿತ್ತು. ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವಳು. ಹಿಂದಿನ ದಿನವಷ್ಟೇ ನಮಗೆಲ್ಲ ತರಬೇತಿ ಎಂದು ಕರೆಸಿ, ಒಬ್ಬ ಹುಡುಗ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ‘ಇನ್ನೊಬ್ಬರಿಗೆ ಹೇಳಿಕೊಟ್ಟಾಗಲೇ ನಮಗೆ ನಿಜವಾಗಿ ಅರ್ಥವಾಗುವುದು, ಇದು ಹೊಸ ವಿಧಾನ’ ಎಂದು ಮುಕ್ಕಾಲು ಗಂಟೆ ವಿವರಿಸಿದ್ದ. ವಿದೇಶದ ಯಾರದೋ ಹೆಸರನ್ನೂ ಹೇಳಿದ. ಪಕ್ಕದಲ್ಲಿದ್ದವರೆಲ್ಲ ತಲೆಯಾಡಿಸಿ ಬರೆದುಕೊಂಡರು. ಪಾಪ, ಆ ಹುಡುಗನದು ತಪ್ಪೇನಿಲ್ಲ. ಆದರೆ ನನಗೆ ಎದ್ದು ನಿಂತು, ‘ಸಾರ್, ಇದು ಹೊಸದಲ್ಲ, ಇದನ್ನು ನಂಜನಗೂಡು ತಾಲ್ಲೂಕಿನ ಒಂದು ಹಿತ್ತಲಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಒಬ್ಬ ಹೆಂಗಸು ಕಂಡುಹಿಡಿದಿದ್ದಳು, ಅವಳ ಹೆಸರನ್ನು ಮಾತ್ರ ಯಾರೂ ಎಲ್ಲೂ ಬರೆಯಲಿಲ್ಲ’ ಎಂದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಕೂಗಬೇಕಾದ ಕಡೆ ಸುಮ್ಮನಿರುವುದು ನನ್ನ ಹಳೆಯ ಅಭ್ಯಾಸ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ರಸ್ತೆಯಲ್ಲಿತ್ತು. ಇತ್ತು ಅಂತ ಯಾಕೆ ಹೇಳಿದೆನೋ, ಊರು ಈಗಲೂ ಅಲ್ಲೇ ಇದೆ, ಮನೆ ಇಲ್ಲ ಅಷ್ಟೇ. ಮುಂದೆ ಉದ್ದನೆಯ ಜಗುಲಿ, ಒಳಗೆ ಕತ್ತಲು ಕತ್ತಲಾದ ನಡುಮನೆ, ಅದರ ಎಡಕ್ಕೆ ಬಾಳೆಗೊನೆ ಹಣ್ಣಿಗಿಡುವ ಕೋಣೆ. ರಸಬಾಳೆ ಹಣ್ಣಾಗುವ ದಿನಗಳಲ್ಲಿ ಹೊಗೆಯೂ ಸಿಹಿಯೂ ಬೆರೆತ ಆ ವಾಸನೆ ಹಾಸಿಗೆ, ಪುಸ್ತಕ, ಸ್ಕೂಲಿನ ಲಂಗ ಎಲ್ಲಕ್ಕೂ ಹತ್ತಿಕೊಂಡು ನಾವು ನಡೆದಲ್ಲೆಲ್ಲ ಹಿಂದೆ ಬರುತ್ತಿತ್ತು. ಹಿಂದೆ ದೊಡ್ಡ ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ನುಗ್ಗೆಮರ, ಕೊಟ್ಟಿಗೆ. ಮೂರು ಜನ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಮನೆ ಅದು. ದೊಡ್ಡಪ್ಪ ಯಜಮಾನ. ನಡುವಿನವನು ನನ್ನ ಅಪ್ಪ, ಅಣ್ಣನೆದುರು ಬಾಯಿ ಬಿಟ್ಟವನಲ್ಲ. ಕೊನೆಯವನು ಚಿಕ್ಕಪ್ಪ, ಭಜನೆ ಪದ ಹೇಳಿಕೊಂಡು ಗದ್ದೆಗೆ ನೀರು ಕಟ್ಟುತ್ತಿದ್ದ ಸಾಧು. ಆ ಚಿಕ್ಕಪ್ಪನ ಹೆಂಡತಿಯೇ ಸುಶೀಲ ಚಿಕ್ಕವ್ವ.

ಚಿಕ್ಕವ್ವನ ತವರು ಮುಡುಕುತೊರೆ ಬೆಟ್ಟದ ಹತ್ತಿರದ ಒಂದು ಹಳ್ಳಿ. ಹತ್ತನೇ ಕ್ಲಾಸನ್ನು ನರಸೀಪುರದಲ್ಲಿ ಓದಿದ್ದಳು. ಉಳಿದ ಎಲ್ಲ ವಿಷಯವೂ ಪಾಸಾಗಿ ಗಣಿತದಲ್ಲಿ ಇಪ್ಪತ್ತೆಂಟು ಬಂದಿತ್ತು. ಮೂವತ್ತೈದು ಬಂದಿದ್ದರೆ ಪಾಸು. ಆ ಏಳು ನಂಬರಿನ ನೆಪ ಸಾಕಾಯಿತು, ಆ ಬೇಸಿಗೆಯಲ್ಲೇ ಮದುವೆ ಮಾಡಿ ನಮ್ಮ ಮನೆಗೆ ಕಳಿಸಿದರು. ನಮ್ಮ ಮನೆಯಲ್ಲಿ ಅವಳ ಹಿಂದೆ ಆ ಫೇಲು ಬಾಲದ ಹಾಗೆ ಅಂಟಿಕೊಂಡಿತು. ಸಾರಿಗೆ ಉಪ್ಪು ಹೆಚ್ಚಾದರೆ ‘ಎಸ್ಸೆಸ್ಸೆಲ್ಸಿ ಪೇಲು’, ಹಾಲು ಉಕ್ಕಿದರೆ ‘ಎಸ್ಸೆಸ್ಸೆಲ್ಸಿ ಪೇಲು’. ಹಾಗೆ ಹಂಗಿಸುತ್ತಿದ್ದ ಅಜ್ಜಿಗೆ ರುಜು ಹಾಕಲೂ ಬರುತ್ತಿರಲಿಲ್ಲ, ದೊಡ್ಡಪ್ಪ ಏಳನೇ ಕ್ಲಾಸು ಮುಟ್ಟಿದವನಲ್ಲ. ಸ್ಕೂಲಿಗೇ ಹೋಗದವರು ಯಾರೂ ಫೇಲಾಗಿರಲಿಲ್ಲ. ಹೋಗಿ ಬರೆದವಳೊಬ್ಬಳೇ ಫೇಲು. ಚಿಕ್ಕವ್ವ ನಗುತ್ತಿದ್ದಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಹಾಗಾಗಿ ನಿಜವಾಗಿ ನಗುತ್ತಿದ್ದಳೋ ಇಲ್ಲವೋ ನಮಗೆ ಗೊತ್ತಾಗುತ್ತಿರಲಿಲ್ಲ.

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ನಮ್ಮೂರಿಗೆ ಅಂಗನವಾಡಿ ಬರುತ್ತದೆ ಎಂಬ ಸುದ್ದಿಯಾಯಿತು. ಟೀಚರ್ ಕೆಲಸಕ್ಕೆ ಅದೇ ಊರಿನ ಹೆಂಗಸಾಗಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಗ ನಮ್ಮೂರ ಸೊಸೆಯಂದಿರಲ್ಲಿ ಹತ್ತನೇ ಕ್ಲಾಸಿನ ಹತ್ತಿರ ಸುಳಿದವಳು ಚಿಕ್ಕವ್ವ ಒಬ್ಬಳೇ. ಒಂದೇ ಒಂದು ವಿಷಯ ಪಾಸಾದರೆ ಕೆಲಸ ಅವಳದೇ ಎಂದು ಊರಿಗೆಲ್ಲ ಗೊತ್ತಿತ್ತು. ಚಿಕ್ಕಪ್ಪ ಅಂಜುತ್ತ ಅಂಜುತ್ತ ಅಣ್ಣನ ಹತ್ತಿರ ಕೇಳಿದ. ದೊಡ್ಡಪ್ಪ ವೀಳ್ಯದೆಲೆಯ ನಾರು ತೆಗೆಯುತ್ತ, ‘ಕಟ್ಲಿ ಬುಡ್ಲಾ, ಅವಳೇನ್ ಪಾಸಾದಾಳ?’ ಎಂದ. ಅದನ್ನೇ ಒಪ್ಪಿಗೆ ಎಂದುಕೊಂಡು ಚಿಕ್ಕಪ್ಪ ನರಸೀಪುರಕ್ಕೆ ಹೋಗಿ ಪರೀಕ್ಷೆ ಕಟ್ಟಿ ಬಂದ. ಅವಳು ಮೊದಲು ಓದಿದ್ದು ಅಲ್ಲೇ ಆದ್ದರಿಂದ ಸೆಂಟರೂ ಅಲ್ಲೇ. ನನ್ನದು ನಂಜನಗೂಡು.

ಇನ್ನು ನನ್ನ ಕತೆ. ಗಣಿತದಲ್ಲಿ ನಾನು ಚಿಕ್ಕವ್ವನಿಗಿಂತ ದೊಡ್ಡ ದಡ್ಡಿ, ಆದರೆ ಇನ್ನೂ ಪರೀಕ್ಷೆ ಬರೆದಿರಲಿಲ್ಲವಾದ್ದರಿಂದ ಅದು ಬಯಲಾಗಿರಲಿಲ್ಲ. ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿದರೆ ಗಂಟೆ ಹೊಡೆಯುವತನಕ ಈ ಕಡೆ ತಿರುಗುತ್ತಿರಲಿಲ್ಲ. ಬರೆದಿದ್ದನ್ನು ಬರೆದುಕೊಳ್ಳುವುದು, ಬರೆದುಕೊಂಡಿದ್ದನ್ನು ಬಾಯಿಪಾಠ ಮಾಡುವುದು, ಇಷ್ಟೇ ನಮಗೆ ಗೊತ್ತಿದ್ದ ಗಣಿತ. ಒಂದು ಸಂಜೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಚಿಕ್ಕವ್ವ, ‘ಲತಾ, ನಿಮ್ ಮೇಷ್ಟ್ರು ಇವತ್ತು ಏನ್ ಏಳ್ಕೊಟ್ರೋ ಅದ್ನೇ ನಂಗ ಏಳ್ಕೊಡು ಮಗ’ ಎಂದಳು. ನನಗೆ ಎಲ್ಲಿಲ್ಲದ ಜಂಬ ಬಂತು. ಮನೆಯಲ್ಲಿ ನನ್ನನ್ನು ಏನಾದರೂ ಹೇಳಿಕೊಡು ಎಂದು ಕೇಳಿದ ಮೊದಲ ದೊಡ್ಡವರು ಅವಳು. ಒಗೆಯುವ ಕಲ್ಲಿನ ಮೇಲೆ ಕೂತು, ಮೇಷ್ಟ್ರ ಹಾಗೇ ದನಿ ದಪ್ಪ ಮಾಡಿಕೊಂಡು, ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದ್ರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್’ ಎಂದು ಅಪ್ಪಟ ತಪ್ಪನ್ನು ಅಪ್ಪಟ ಧೈರ್ಯದಲ್ಲಿ ಹೇಳಿದೆ. ಚಿಕ್ಕವ್ವ ಬೂದಿ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು.

ಮಾರನೆಯ ದಿನ ಭಾನುವಾರ. ಮಳೆ ಬಿಟ್ಟು ಬಿಸಿಲು ಬಂದಿತ್ತು, ಅಜ್ಜಿ ಸಂಡಿಗೆ ಹಾಕಲು ಹೇಳಿದ್ದಳು. ಹಿತ್ತಲ ಹಗ್ಗದ ಮಂಚದ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಬಿಸಿ ಆರುತ್ತಿದ್ದ ಹಿಟ್ಟಿನ ಪಾತ್ರೆ ಪಕ್ಕದಲ್ಲಿಟ್ಟುಕೊಂಡು ಚಿಕ್ಕವ್ವ ನನ್ನನ್ನು ಕರೆದಳು. ಕೈಗೆ ನೀರು ಮುಟ್ಟಿಸಿಕೊಂಡು ಪಂಚೆಯ ಒಂದು ಮೂಲೆಯಲ್ಲಿ ಮೂರು ಸಾಲು, ಸಾಲಿಗೆ ಮೂರು ಸಂಡಿಗೆ ಇಟ್ಟಳು. ಆಮೇಲೆ ಅದರ ಎದುರು ಮೂಲೆಗೆ, ಓರೆಯಾಗಿ, ನಾಲ್ಕು ಸಾಲು, ಸಾಲಿಗೆ ನಾಲ್ಕು ಇಟ್ಟಳು. ‘ಮೂರರ ಸ್ಕ್ವೇರು ಒಂಬತ್ತು, ನಾಕರ ಸ್ಕ್ವೇರು ಅದ್ನಾರು. ಒಟ್ಗೆ ಇಪ್ಪತ್ತೈದು. ಸರಿಯಾ?’ ಎಂದಳು. ಸರಿ ಎಂದೆ. ‘ಮೂರೂ ನಾಕೂ ಸೇರಿ ಏಳು. ಏಳ್ ಸಾಲು, ಸಾಲ್ಗೆ ಏಳು ಇಟ್ರೆ ನಲವತ್ತೊಂಬತ್ತು ಆಗ್ಬೇಕಲ್ಲ ಮಗ. ಮಿಕ್ಕಿದ್ ಇಪ್ಪತ್ನಾಕು ಸಂಡ್ಗೆ ಎಲ್ಗೋದವು? ಕಾಗೆ ತಿಂತಾ?’

ನಾನು ಪಂಚೆಯನ್ನೇ ನೋಡಿದೆ. ಎರಡು ಗುಂಪಿನ ಅಕ್ಕಪಕ್ಕ ಎರಡು ಜಾಗ ಖಾಲಿ ಬಿದ್ದಿದ್ದವು. ಒಂದೊಂದೂ ಮೂರು ಸಾಲು ಉದ್ದ, ನಾಲ್ಕು ಸಾಲು ಅಗಲ. ನಾನೇ ಕೈ ಒದ್ದೆ ಮಾಡಿಕೊಂಡು ಒಂದರಲ್ಲಿ ಹನ್ನೆರಡು, ಇನ್ನೊಂದರಲ್ಲಿ ಹನ್ನೆರಡು ಸಂಡಿಗೆ ಇಟ್ಟೆ. ಚೌಕ ತುಂಬಿತು. ಪುಸ್ತಕದಲ್ಲಿ ಆ ಸೂತ್ರದ ನಡುವೆ ಸುಮ್ಮನೆ ನಮಗೆ ತೊಂದರೆ ಕೊಡಲೆಂದೇ ಸೇರಿಸಿದ ಹಾಗಿದ್ದ ‘ಎರಡು ಎಬಿ’ ಎಂದರೆ ಇದೇ ಎಂದು ಆಗ ಹೊಳೆಯಿತು. ಓಡಿಹೋಗಿ ಪುಸ್ತಕ ತಂದು ತೆರೆದು ತೋರಿಸಿ, ‘ಚಿಕ್ಕವ್ವ, ನಿನ್ನೆ ನಾನು ಹೇಳಿದ್ದು ತಪ್ಪು’ ಎಂದು ಒಪ್ಪಿಕೊಂಡೆ. ‘ತಪ್ಪಾಗದೆ ಇನ್ನೇನು, ನೀನೇನ್ ಮೇಷ್ಟ್ರಾ?’ ಎಂದು ಅವಳು ಈ ಸಲ ಸೆರಗು ಮುಚ್ಚದೆ ನಕ್ಕಳು. ಅಜ್ಜಿ ಬಂದು, ಸಂಡಿಗೆ ಹಾಕಿ ಅಂದರೆ ಇದೇನು ಚೌಕಾಬಾರ ಆಡುತ್ತಿದ್ದೀರಾ ಎಂದು ಇಬ್ಬರಿಗೂ ಬೈದಳು.

ಅವತ್ತಿನಿಂದ ನನಗೆ ಹೆದರಿಕೆ ಹತ್ತಿಕೊಂಡಿತು. ಮೇಷ್ಟ್ರ ಹೆದರಿಕೆಯಲ್ಲ, ಸಂಜೆ ಚಿಕ್ಕವ್ವ ಏನು ಕೇಳುತ್ತಾಳೋ ಎಂಬ ಹೆದರಿಕೆ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಾರಿದಾಗ, ಮೊದಲಾಗಿದ್ದರೆ ಕಣ್ಣು ಮುಚ್ಚಿ ಬರೆದುಕೊಳ್ಳುತ್ತಿದ್ದೆ. ಈಗ ಮನಸ್ಸಿನಲ್ಲೇ ಚಿಕ್ಕವ್ವ ಎದ್ದು ಕೂತು, ‘ಇದು ಎಲ್ಲಿಂದ ಬಂತು?’ ಎನ್ನುತ್ತಿದ್ದಳು. ಅವಳಿಗೆ ಉತ್ತರ ಬೇಕಲ್ಲ ಎಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪುಸ್ತಕ ತೆರೆದು ಕೂರುತ್ತಿದ್ದೆ, ಒಂದು ಸಲವಂತೂ ಧೈರ್ಯ ಮಾಡಿ ಮೇಷ್ಟ್ರನ್ನೇ ಸ್ಟಾಫ್ ರೂಮಿನಲ್ಲಿ ಹಿಡಿದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇಷ್ಟೆಲ್ಲ ಪರೀಕ್ಷೆಗೆ ಬರಲ್ಲ, ಹೋಗಮ್ಮ’ ಎಂದರು. ಹಾಗೆ ಹೇಳಿಸಿಕೊಂಡು ಬಂದವಳು ಹಿತ್ತಲಲ್ಲಿ ಚಿಕ್ಕವ್ವನ ಜೊತೆ ಕೂತೆ, ಇಬ್ಬರೂ ಸೇರಿ ಆ ಉತ್ತರ ಹುಡುಕಿದೆವು.

ವೃತ್ತದ ಪಾಠ ಬಂದಾಗ ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂಬ ಪ್ರಮೇಯವನ್ನು ನಾನು ಗಿಣಿಯ ಹಾಗೆ ಒಪ್ಪಿಸಿದೆ. ಚಿಕ್ಕವ್ವ ಕೈಯಿಂದ ಒಂದು ಗಾಜಿನ ಬಳೆ ಬಿಚ್ಚಿ ನೆಲದ ಮೇಲಿಟ್ಟು, ಪೊರಕೆಯಿಂದ ಎರಡು ಕಡ್ಡಿ ಎಳೆದು, ಬಳೆಯ ಎರಡು ಕಡೆಗೂ ತಾಗುವ ಹಾಗೆ ಒಂದೇ ಮೂಲೆಯಲ್ಲಿ ಕೂಡಿಸಿದಳು. ತಾಗಿದ ಜಾಗಕ್ಕೆ ಕಡ್ಡಿ ಮುರಿದು ಅಳತೆ ನೋಡಿದಳು, ಸಮ. ‘ಕಣ್ಗೇನೋ ಸಮ ಕಾಣ್ತದ. ಯಾವಾಗ್ಲೂ ಸಮಾನೇ ಇರ್ತದ ಅಂತ ಯಾರ್ ಏಳುದ್ರು? ನಿಮ್ಮಜ್ಜಿ ಕಡಗ ಇಟ್ರೆ? ತಟ್ಟೆ ಇಟ್ರೆ?’ ಎಂದು ಕೇಳಿದಳು. ಒಂದು ವಾರ ನಮ್ಮ ಹಿತ್ತಲಲ್ಲಿ ಅಜ್ಜಿಯ ಕಡಗ, ಊಟದ ತಟ್ಟೆ, ಮಕ್ಕರಿಯ ಬಾಯಿ ಎಲ್ಲಕ್ಕೂ ಕಡ್ಡಿ ಹಚ್ಚಿ ನೋಡಿದ್ದಾಯಿತು, ಪೊರಕೆ ಬೋಳಾಯಿತು. ಎಷ್ಟು ಕಡೆ ಹಚ್ಚಿ ನೋಡಿದರೂ ಅದು ನೋಡಿದ್ದಾಯಿತೇ ಹೊರತು ಸಾಧಿಸಿದ್ದಾಗಲಿಲ್ಲ, ನೋಡದೆ ಬಿಟ್ಟ ವೃತ್ತದ ಗತಿಯೇನು ಎಂಬ ಮಾತಿಗೆ ನಾವಿಬ್ಬರೂ ಬಂದು ನಿಂತಾಗ ನನಗೆ ಪ್ರಮೇಯ ಅಂದರೆ ಏನು, ಸಾಧನೆ ಯಾಕೆ ಬೇಕು ಎಂಬುದು ತಿಳಿಯಿತು. ಆಮೇಲೆ ಪುಸ್ತಕದ ಆ ಎರಡು ತ್ರಿಭುಜ, ಸಮವಾದ ಎರಡು ತ್ರಿಜ್ಯ, ಎರಡು ಲಂಬಕೋನ, ಎರಡಕ್ಕೂ ಸೇರಿದ ಒಂದು ಗೆರೆ ಎಲ್ಲ ತಾವಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಇವತ್ತಿಗೂ ನಾನು ಆ ಪಾಠ ಮಾಡುವುದು ಬಳೆ ಇಟ್ಟೇ.

ಮಾರ್ಚ್ ತಿಂಗಳ ಹೊತ್ತಿಗೆ ಇಬ್ಬರಿಗೂ ಹಾಲ್‌ಟಿಕೆಟ್ ಬಂದವು. ನನ್ನದು ಸ್ಕೂಲಿನಲ್ಲಿ ಕೊಟ್ಟರು, ಅವಳದನ್ನು ಚಿಕ್ಕಪ್ಪ ನರಸೀಪುರದಿಂದ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಂದ. ಎರಡನ್ನೂ ಚಿಕ್ಕವ್ವ ದೇವರ ಗೂಡಿನಲ್ಲಿ ಒಂದರ ಮೇಲೊಂದು ಇಟ್ಟಳು. ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಗಣಿತದ ಪರೀಕ್ಷೆ ಸೋಮವಾರ. ಶನಿವಾರ ಸಂಜೆ ತಗಡೂರಿನಲ್ಲಿ ನಮ್ಮ ದಾಯಾದಿಗಳ ಮನೆಯ ಮುದುಕರೊಬ್ಬರು ತೀರಿಕೊಂಡರೆಂದು ಸುದ್ದಿ ಬಂತು. ಎಂಬತ್ತು ದಾಟಿದ ಜೀವ, ನಾನು ಎರಡು ಸಲ ನೋಡಿದ್ದಿರಬಹುದು, ಚಿಕ್ಕವ್ವ ಒಂದು ಸಲವೂ ನೋಡಿರಲಿಲ್ಲ. ಗಂಡಸರು ಹೋಗಿ ಮಣ್ಣು ಮಾಡಿ ಬಂದರು. ನಮ್ಮ ಮನೆಗೆ ಹನ್ನೊಂದು ದಿನದ ಸೂತಕ ಬಂತು.

ಆ ಸೂತಕದ ಕತೆಯನ್ನು ಸ್ವಲ್ಪ ಕೇಳಿ. ಭಾನುವಾರ ಬೆಳಗ್ಗೆ ದೊಡ್ಡಪ್ಪ ಎಂದಿನ ಹಾಗೇ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬಂದ. ಹಾಲಿಗೆ ಸೂತಕವಿಲ್ಲವಂತೆ. ಕರೆಂಟು ಬಂದೊಡನೆ ಅಪ್ಪ ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋದ. ನೀರಿಗೂ ಇಲ್ಲವಂತೆ. ಬಾಳೆಕಾಯಿ ವ್ಯಾಪಾರದವನು ಬಂದು ಜಗುಲಿಯ ಮೇಲೆ ಕೂತು ಗೊನೆ ಎಣಿಸಿದ. ವ್ಯಾಪಾರಕ್ಕೂ ಇಲ್ಲ. ಮಂಗಳವಾರ ದೊಡ್ಡಪ್ಪನಿಗೆ ನಂಜನಗೂಡಿನ ಕೋರ್ಟಿನಲ್ಲಿ ಬದುವಿನ ಕೇಸಿನ ವಾಯಿದೆ ಇತ್ತು, ಅದಕ್ಕಂತೂ ಹೋಗಲೇಬೇಕು, ಸರ್ಕಾರದ ಕೆಲಸಕ್ಕೆ ಮೈಲಿಗೆ ಯಾವುದು. ಹೀಗೆ ಗಂಡಸರು ಮುಟ್ಟಿದ್ದೆಲ್ಲ ಶುದ್ಧವಾಗುತ್ತ ಹೋಗಿ, ಹನ್ನೊಂದು ದಿನದ ಅಷ್ಟೂ ಸೂತಕ ಕೊನೆಗೆ ಎಲ್ಲಿ ಹೋಗಿ ಕೂತಿತು ಗೊತ್ತೇ? ನಮ್ಮ ಚಿಕ್ಕವ್ವನ ಹಾಲ್‌ಟಿಕೆಟ್ಟಿನ ಮೇಲೆ.

ಭಾನುವಾರ ಸಂಜೆ ಜಗುಲಿಯ ಮೇಲೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಕೂತಿದ್ದರು. ನಾನು ಕಂಬಕ್ಕೆ ಒರಗಿ ಪುಸ್ತಕ ಹಿಡಿದಿದ್ದೆ. ಚಿಕ್ಕವ್ವ ಬಾಗಿಲ ಹಿಂದೆ ನಿಂತಿದ್ದಳು, ಅವಳ ಕಾಲ್ಬೆರಳು ಮಾತ್ರ ನನಗೆ ಕಾಣುತ್ತಿದ್ದವು. ದೊಡ್ಡಪ್ಪ ನನ್ನ ಕಡೆ ತಿರುಗಿ, ‘ನೀ ಓಗವ್ವ, ಓದೋ ಮಕ್ಳಿಗೆ ಸೂತ್ಕ ಇಲ್ಲ. ಚೆನ್ನಾಗಿ ಬರಿ’ ಎಂದು ತಲೆ ಸವರಿದ. ಅವನಿಗೆ ನನ್ನ ಮೇಲೆ ಪ್ರೀತಿಯಿತ್ತು, ಇಲ್ಲ ಅನ್ನಲಾರೆ. ಆಗ ಚಿಕ್ಕಪ್ಪ ಗಂಟಲು ಸರಿ ಮಾಡಿಕೊಂಡು, ‘ಅಣ್ಣ, ಸುಸೀಲಂಗೂ ನಾಳೇನೇ ಅಲ್ವಾ’ ಎಂದ.

‘ಏನು?’

‘ಪರೀಕ್ಸೆ.’

‘ಲೇ, ಮನೆ ಸೊಸೆ ಕಣ್ಲಾ ಅವಳು. ಸೂತ್ಕದಲ್ಲಿ ಊರ್ ಗಡಿ ದಾಟಿ, ಬಸ್ ಅತ್ಕೊಂಡು, ನಾಕು ಜನರ ಮಧ್ಯ ಓಗಿ ಕೂತ್ಕಳಾದ? ನಾಳ ತಗಡೂರೋರು ಏನಂದಾರು?’ ದೊಡ್ಡಪ್ಪ ದನಿಯೇನೂ ಏರಿಸಲಿಲ್ಲ. ‘ಮುಂದ್ಲ ವರ್ಸ ಬರೀತಾಳ ಬುಡು. ಪೇಲಾಗದಾದ್ರ ಯಾವಾಗಾದ್ರೂ ಆಗ್ಬೌದು.’

ಅಪ್ಪ ನಕ್ಕ. ನಗುವಂಥ ಮಾತು ಅಂದುಕೊಂಡನೋ, ಅಣ್ಣ ಹೇಳಿದ್ದಕ್ಕೆ ನಕ್ಕನೋ ಗೊತ್ತಿಲ್ಲ. ಚಿಕ್ಕಪ್ಪ ತಲೆ ಬಗ್ಗಿಸಿದ. ನನಗೆ ಆಗ ಹದಿನೈದು ವರ್ಷ, ಬಾಯಿ ಇತ್ತು, ಬುದ್ಧಿಯೂ ಬಂದಿತ್ತು. ಒಂದೇ ಮನೆ, ಒಂದೇ ಸಾವು, ಒಂದೇ ಪರೀಕ್ಷೆ, ನನಗಿಲ್ಲದ್ದು ಅವಳಿಗೆ ಹೇಗೆ ಬರುತ್ತದೆ ಎಂದು ಕೇಳಲು ಅವಳೇ ನನಗೆ ಆರು ತಿಂಗಳು ಕಲಿಸಿದ್ದಳು. ಕೇಳಲಿಲ್ಲ. ಬಾಯಿ ಬಿಟ್ಟರೆ ‘ಹಂಗಾದ್ರೆ ನೀನೂ ಬ್ಯಾಡ’ ಎಂದುಬಿಟ್ಟರೆ ಎಂಬ ಭಯಕ್ಕೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ದೊಡ್ಡಪ್ಪನ ಮೇಲಿನ ಸಿಟ್ಟಿನ ಬಗ್ಗೆ ಇಷ್ಟು ಹೊತ್ತು ಬರೆದೆ, ಈ ಸಿಟ್ಟು ಅದಕ್ಕಿಂತ ಆಳದ್ದು, ಇದು ನನ್ನ ಮೇಲಿನದು. ತಿರುಗಿ ನೋಡಿದಾಗ ಬಾಗಿಲ ಹಿಂದೆ ಕಾಲ್ಬೆರಳು ಇರಲಿಲ್ಲ.

ಬೆಳಗ್ಗೆ ಚಿಕ್ಕವ್ವನೇ ಎದ್ದು ನನಗೆ ಉಪ್ಪಿಟ್ಟು ಮಾಡಿಕೊಟ್ಟಳು. ಕಣ್ಣು ಊದಿಕೊಂಡಿದ್ದವು. ಹಿತ್ತಲ ಬಾಗಿಲಲ್ಲಿ ನಿಂತು, ‘ಬಳೆ ಪ್ರಮೇಯ ಬಂದ್ರ ಬುಡ್ಬೇಡ ಕಣ್ಮಗ. ತ್ರಿಭುಜದ ಎಸ್ರು ಅದ್ಲುಬದ್ಲು ಮಾಡ್ಬೇಡ’ ಎಂದಳು ಅಷ್ಟೆ. ನಾನು ಬಸ್ ಸ್ಟಾಪಿಗೆ ಬಂದು ನಿಂತೆ. ಅವತ್ತು ಮೊದಲು ಬಂದದ್ದು ನರಸೀಪುರದ ಬಸ್ಸು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ‘ನರಸೀಪುರ, ನರಸೀಪುರ’ ಎಂದು ಕೂಗಿದ. ಯಾರೂ ಹತ್ತದ್ದು ಕಂಡು ನನ್ನ ಮುಖ ನೋಡಿ, ‘ಬತ್ತೀಯೇನವ್ವ?’ ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಹತ್ತು ನಿಮಿಷಕ್ಕೆ ನಂಜನಗೂಡಿನದು ಬಂತು, ಹತ್ತಿಕೊಂಡೆ.

ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಮೇಯ ಬಂದಿತ್ತು. ಬರೆದೆ. ಯಾಕೆ ಲಂಬಕೋನ, ಯಾಕೆ ಸಮ, ಎಲ್ಲವನ್ನೂ ಒಬ್ಬರಿಗೆ ಬಿಡಿಸಿ ಹೇಳುವ ಹಾಗೆ ಬರೆದೆ, ಯಾಕೆಂದರೆ ಎದುರಿಗೆ ಚಿಕ್ಕವ್ವ ಕೂತ ಹಾಗೇ ಇತ್ತು. ಬೇರೆ ಲೆಕ್ಕಗಳೂ ಹಾಗೇ ಸಲೀಸಾಗಿ ಆದವು. ಮಧ್ಯಾಹ್ನ ಮನೆಗೆ ಬಂದೊಡನೆ ಅವಳು ಹೇಗೆ ಬರೆದೆ ಎಂದು ಕೇಳಲಿಲ್ಲ, ‘ಪೇಪರ್ ಕೊಡು’ ಎಂದಳು. ಒಗೆಯುವ ಕಲ್ಲಿನ ಮೇಲೆ ನನ್ನ ರಫ್ ನೋಟು ಇಟ್ಟುಕೊಂಡು ಮೊದಲ ಪ್ರಶ್ನೆಯಿಂದ ಶುರು ಮಾಡಿದಳು. ನಡುವೆ ಎದ್ದು ಹಸು ಕರೆದಳು, ಮುದ್ದೆಗೆ ನೀರಿಟ್ಟಳು, ಅಜ್ಜಿ ಕರೆದಾಗೆಲ್ಲ ಒಳಗೆ ಹೋಗಿ ಬಂದಳು, ಮತ್ತೆ ಬಿಟ್ಟ ಕಡೆಯಿಂದಲೇ ಬರೆದಳು. ಬೆಳಕು ಪೂರ್ತಿ ಹೋಗುವ ಮುಂಚೆ ಮುಗಿಸಿ ನೋಟನ್ನು ನನ್ನ ಕೈಗಿಟ್ಟು, ‘ನಂಬರ್ ಆಕು. ದಯ ದಾಕ್ಷಿಣ್ಯ ಬ್ಯಾಡ’ ಎಂದಳು. ಮರುದಿನ ಕೂತು ಹಾಕಿದೆ. ಕೈ ಎಷ್ಟು ಬಿಗಿ ಹಿಡಿದರೂ ಎಂಬತ್ತಮೂರು ಬಂತು. ರಿಸಲ್ಟು ಬಂದಾಗ ನನಗೆ ಬಂದದ್ದು ಎಪ್ಪತ್ತೊಂಬತ್ತು.

ನಮ್ಮ ಸ್ಕೂಲಿಗೆ ಗಣಿತದಲ್ಲಿ ಅದೇ ಹೆಚ್ಚು. ಮೇಷ್ಟ್ರಿಗೆ ಸಭೆಯಲ್ಲಿ ಶಾಲು ಹೊದಿಸಿದರು. ಬೋರ್ಡಿಗೆ ಮುಖ ಮಾಡಿ ನಿಂತವರಿಗೆ ಬೆನ್ನಿಗೆ ಶಾಲು, ಅದೂ ಸರಿಯೇ. ದೊಡ್ಡಪ್ಪ ಬಂದು ಅವರ ಕೈ ಹಿಡಿದು, ‘ಎಲ್ಲಾ ನೀವ್ ಕೊಟ್ಟ ವಿದ್ಯೆ ಸಾ’ ಎಂದ. ಮನೆಯಲ್ಲಿ ಪಾಯಸವಾಯಿತು, ಮಾಡಿ ಬಡಿಸಿದವಳು ಚಿಕ್ಕವ್ವ. ಅದಾಗಿ ತಿಂಗಳೊಳಗೆ ಅಂಗನವಾಡಿ ಕೆಲಸಕ್ಕೆ ಪಾಸಾದವರ ಪಟ್ಟಿ ಕೇಳಿದರು. ನಮ್ಮೂರಿನಿಂದ ಯಾರೂ ಇಲ್ಲವೆಂದು ಪಕ್ಕದೂರಿನ ಹುಡುಗಿಯನ್ನು ತೆಗೆದುಕೊಂಡರು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಇದೆ, ಕಟ್ಟು ಎಂದು ನಾನೇ ಹೇಳಿದೆ. ‘ಯಾವ ಪುರುಸಾರ್ಥಕ್ಕ ಮಗ?’ ಎಂದು ರಾಗಿ ಕೇರುತ್ತಲೇ ಇದ್ದಳು.

ಆದರೂ ಅವಳು ಬಿಡಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಚಿಕ್ಕವ್ವನಿಗೆ ಮಕ್ಕಳಾಗಲಿಲ್ಲ. ನಾನು ಓದು, ಕೆಲಸ, ಮದುವೆ ಎಂದು ಮೈಸೂರು ಸೇರಿದೆ. ಹಬ್ಬಕ್ಕೆ ಊರಿಗೆ ಹೋದಾಗೆಲ್ಲ ಹಿತ್ತಲಲ್ಲಿ ಬೀದಿಯ ಮಕ್ಕಳು ನಾಲ್ಕೈದು ಜನ ಗಣಿತದ ಪುಸ್ತಕ ಹಿಡಿದು ಕೂತಿರುತ್ತಿದ್ದವು. ಚಿಕ್ಕವ್ವ ಸೊಪ್ಪು ಸೋಸುತ್ತಲೋ ಅವರೆಕಾಯಿ ಸುಲಿಯುತ್ತಲೋ, ‘ನಂಗ ಇದು ಗೊತ್ತಿಲ್ಲ ಕಣಪ್ಪ, ನಾನು ಪೇಲಾದೋಳು. ನೀನೇ ಒಸಿ ಏಳ್ಕೊಡು’ ಎಂದು ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. 
ಅದು ತಪ್ಪು ಹೇಳಿದಾಗ ತಿದ್ದುತ್ತಿರಲಿಲ್ಲ, ಕೈಗೆ ನಾಲ್ಕು ಅವರೆಕಾಳು ಕೊಟ್ಟು ಏನಾದರೊಂದು ಕೇಳುತ್ತಿದ್ದಳು. ಒಂದು ಸಲ ಅದನ್ನು ನೋಡುತ್ತ ನಿಂತವಳಿಗೆ ಅನುಮಾನ ಬಂತು. ನಾನು ಅವಳಿಗೆ ಹೇಳಿಕೊಟ್ಟೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ಅವತ್ತು ನನ್ನ ತಪ್ಪು ಸೂತ್ರ ಕೇಳಿ ಬೂದಿ ಕೈಯಲ್ಲಿ ಸುಮ್ಮನೆ ಕೂತವಳಿಗೆ ಸರಿಯಾದದ್ದು ಗೊತ್ತಿತ್ತೇ? ಕೇಳಿದೆ. ‘ಎಲ್ಲೋ ಒಸಿ ಗೊತ್ತಿತ್ತು. ನೀ ಏಳ್ದಾಗ ಪೂರ್ತಿ ಗೊತ್ತಾಯ್ತು’ ಎಂದಳು. ಯಾವುದು ನಿಜವೋ, ಎಷ್ಟು ನಿಜವೋ, ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡಲಿಲ್ಲ.

ಮನೆ ಪಾಲಾಯಿತು. ಅಜ್ಜಿ ಹೋದಳು, ಅಪ್ಪ ಹೋದ, ಆಮೇಲೆ ದೊಡ್ಡಪ್ಪ. ಜಗುಲಿ, ನಡುಮನೆ, ಬಾಳೆಯ ಕೋಣೆ ಎಲ್ಲ ಕೆಡವಿ ದೊಡ್ಡಪ್ಪನ ಮಗ ಮಾದೇಶ ರಸ್ತೆಗೆ ಮುಖ ಮಾಡಿ ಮೂರು ಮಳಿಗೆ ಕಟ್ಟಿಸಿದ್ದಾನೆ, ಒಂದರಲ್ಲಿ ಮೊಬೈಲ್ ರಿಪೇರಿ, ಒಂದರಲ್ಲಿ ಗೊಬ್ಬರ, ಇನ್ನೊಂದು ಖಾಲಿ. ಹಿತ್ತಲಿದ್ದ ಕಡೆ ಸಿಮೆಂಟು ಹಾಕಿ ಟೆಂಪೋ ನಿಲ್ಲಿಸುತ್ತಾರೆ. ಅಲ್ಲಿ ಕಾಲಿಟ್ಟರೆ ಯಾವ ವಾಸನೆಯೂ ಬರುವುದಿಲ್ಲ. ಚಿಕ್ಕಪ್ಪ, ಚಿಕ್ಕವ್ವ ಕೊಟ್ಟಿಗೆಯಿದ್ದ ಕಡೆ ತಮ್ಮ ಪಾಲಿಗೆ ಬಂದ ಎರಡು ಕೋಣೆಯಲ್ಲಿ ಇದ್ದರು. ಹೋದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಚಿಕ್ಕವ್ವ ತೀರಿಕೊಂಡಳು. ಕೊನೆಯ ಎರಡು ದಿನ ನಾನು ಪಕ್ಕದಲ್ಲಿದ್ದೆ. ನಾನು ಅವತ್ತು ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಹೇಳಿ ಕ್ಷಮಿಸು ಎನ್ನಬೇಕೆಂದು ಬಾಯಿಗೆ ಬಂದಿತ್ತು. ಅವಳಿಗೆ ಅದನ್ನು ಕೇಳಿಸಿಕೊಳ್ಳುವ ತ್ರಾಣ ಇರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕಾರ್ಡು ಹೊಡೆಸಬೇಕಿತ್ತು. ಮಕ್ಕಳಿಲ್ಲದ್ದರಿಂದ ಎಲ್ಲ ಮಾದೇಶನ ಮೇಲೇ ಬಿದ್ದಿತ್ತು, ಪಾಪ ಓಡಾಡಿ ಮಾಡುತ್ತಿದ್ದ. ‘ಅಕ್ಕ, ನೀನು ಟೀಚರ್ರು, ಕಾರ್ಡ್ ನೀನೇ ಬರ್ಕೊಡು, ನಂಜನಗೂಡ್ ಪ್ರೆಸ್‌ಗೆ ಕಳುಸ್ಬೇಕು’ ಎಂದು ಹಾಳೆ ಕೊಟ್ಟ. ನಾನು ಬರೆದೆ. ಹೆಸರಿನ ಮುಂದೆ ಒಂದು ಗೆರೆ ಎಳೆದು, ಎರಡು ಪದ ಸೇರಿಸಿ ಕೊಟ್ಟೆ. ಮಾದೇಶ ಓದಿ ನನ್ನ ಮುಖ ನೋಡಿದ.

‘ಅಕ್ಕ, ಇದೇನು? ಚಿಕ್ಕವ್ವ ಎಲ್ ಕೆಲ್ಸ ಮಾಡಿದ್ರು? ಎಸ್ಸೆಸ್ಸೆಲ್ಸೀನೇ ಪೇಲಲ್ವಾ? ನಾಕ್ ಜನ ನೋಡಿದ್ರ ನಗಾಡ್ತಾರ.’

ಫೇಲಲ್ಲ ಕಣೋ ಎಂದೆ. ನನ್ನ ದನಿ ಏರಿತು. ಸಾವಿಗೆ ಬಂದು ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಮೂವತ್ತು ವರ್ಷದ ಹಿಂದೆ ಜಗುಲಿಯ ಮೇಲೆ ಆಡಬೇಕಾಗಿದ್ದ ಅಷ್ಟೂ ಮಾತನ್ನು ಅಲ್ಲಿ ಆಡಿದೆ. ಹಾಲಿಗಿಲ್ಲದ, ನೀರಿಗಿಲ್ಲದ, ಕೋರ್ಟಿಗಿಲ್ಲದ ಸೂತಕ ಅವಳೊಬ್ಬಳಿಗೆ ಎಲ್ಲಿಂದ ಬಂತು ಎಂದು ಕೇಳಿದೆ. ನಿಮ್ಮಪ್ಪ ಆರು ತಿಂಗಳು ಹಾಲಿನ ಸಂಘದ ಅಧ್ಯಕ್ಷನಾಗಿದ್ದಕ್ಕೆ ಅವನ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ‘ಮಾಜಿ ಅಧ್ಯಕ್ಷರು’ ಎಂದು ಹಾಕಿಸಿದೆಯಲ್ಲ, ಇವಳು ಮೂವತ್ತು ವರ್ಷ ಮಾಡಿದ್ದನ್ನು ಹಾಕಲು ನಿನಗೇನು ಕಷ್ಟ ಎಂದೂ ಕೇಳಿದೆ. ಯಾರೋ ಹೆಂಗಸು, ‘ಸುಮ್ಕಿರವ್ವ, ಸತ್ತೋರ್ ಮನೇಲಿ ಜಗಳ ಯಾಕ’ ಎಂದು ಕೈ ಹಿಡಿದಳು. ಮಾದೇಶ ಚಿಕ್ಕಪ್ಪನ ಕಡೆ ನೋಡಿದ. ಗೋಡೆಗೊರಗಿ ಕೂತಿದ್ದ ಚಿಕ್ಕಪ್ಪ ಕಣ್ಣೊರೆಸಿಕೊಂಡು, ‘ಅಣ್ಣನ ಮಗ ಏಳ್ದಂಗ ಮಾಡವ್ವ’ ಎಂದ. ಆ ಸಾಧುವಿನ ಬಾಯಿಂದ ಅಣ್ಣ ಇನ್ನೂ ಹೋಗಿರಲಿಲ್ಲ. ಮಾದೇಶ ಪೆನ್ನು ತೆಗೆದು ಆ ಎರಡು ಪದದ ಮೇಲೆ ಗೆರೆ ಎಳೆದ.

ಕಾರ್ಡು ಬಂತು. ಇಂಥವರ ಕಿರಿಯ ಸೊಸೆ, ಇಂಥವರ ಧರ್ಮಪತ್ನಿ ಎಂದಿತ್ತು. ಬಸ್ ಸ್ಟಾಪಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲೂ ಅಷ್ಟೇ ಇತ್ತು, ಹದಿನೈದು ದಿನ ಬಿಸಿಲಿಗೆ ಬಣ್ಣಗೆಟ್ಟು ಆಮೇಲೆ ಯಾರೋ ಬಿಚ್ಚಿಕೊಂಡು ಹೋದರು. ಆ ಕಾರ್ಡನ್ನು ಓದಿದವರು ಇದನ್ನೂ ಓದುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಓದುವ ನೀವಾದರೂ ಅದನ್ನು ಹೀಗೆ ತಿದ್ದಿಕೊಳ್ಳಿ: ಶ್ರೀಮತಿ ಸುಶೀಲಮ್ಮ, ಗಣಿತ ಶಿಕ್ಷಕಿ.